5050ನೇ ಸೀಟಿನ ಟವೆಲ್

"ಇನ್ನ ಯಾವ ಪ್ರೋಗ್ರಾಮೂ ನನ್ನ ಕಣ್ಣು ತಪ್ಪಿಸಂಗಿಲ್ಲವ್ವಾ!" ಎಂದು ಮಾವ ಗುರುಶಾಂತಪ್ಪ ನನ್ನ ಕಂಪ್ಯೂಟರಿನ ಪಕ್ಕ ಒಂದು ಬಿಸ್ಕತ್ ಡಬ್ಬಿ ಇಟ್ಟರು. ಡಬ್ಬಿಗೆ ನಾಲ್ಕು ಚಕ್ರ, ಒಂದು ವಿಶಲ್, ಒಂದು ಹಳೇ ಟಿಕೆಟ್ ಮಶೀನು!

ಮಾವ ರಾಣೇಬೆನ್ನೂರಿನಲ್ಲಿ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅವರ ಪ್ರಕಾರ ಕಂಪ್ಯೂಟರೂ ಒಂದು ಬಸ್ಸು. ಪೋರ್ಟ್ ಎಂದರೆ ನಂಬರಿನ ಸೀಟು, ಒಂದರಲ್ಲಿ ಒಂದೇ ಪ್ರೋಗ್ರಾಮ್. ಹಾಲು ಉಕ್ಕಿದರೆ ಕೂಗುವ ತಮ್ಮ ಹೊಸ ಪ್ರೋಗ್ರಾಮಿಗೆ ಅವರಿಗೆ 5050 ಬೇಕಿತ್ತು. ಅಲ್ಲಿ ಯಾರೋ ಕೂತಿದ್ದರು. ಟಿಕೆಟ್ಟಿಲ್ಲದವರನ್ನು ಹುಡುಕಿ ಇಳಿಸಲು ಈ ಡಬ್ಬಿ.

"ಬಾಜೂ ಸೀಟಿನಾಗ ಕುಂದರಸ್ರಲಾ," ಎಂದರು ಅತ್ತೆ.

"ಅದು ನನ್ನ ಬಸ್ಸಿನ ನಂಬರ್! ನೀ ಸುಮ್ನಿರು!"

ಗುಂಡಿ ಒತ್ತಿದರು. "ಟಿಕೆಟ್, ಟಿಕೆಟ್!" ಎನ್ನುತ್ತ ಡಬ್ಬಿ ಹೊರಟಿತು. ಟಿಕೆಟ್ಟಿಲ್ಲದ ಪ್ರಿಂಟರನ್ನು ಇಳಿಸಿತು. ಅದು ಹೊಟ್ಟೆಯಲ್ಲಿದ್ದ ಕಾಗದವನ್ನೆಲ್ಲ ಕಕ್ಕಿತು. ಟೀವಿಯನ್ನು ಇಳಿಸಿತು, ಅತ್ತೆಯ ಧಾರಾವಾಹಿಯಲ್ಲಿ ಎತ್ತಿದ ಕೈ ಕೆನ್ನೆಗೆ ಬೀಳಲೇ ಇಲ್ಲ! ಪಕ್ಕದ ಮನೆಯ ಮೇಷ್ಟ್ರ ನೀರಿನ ಪಂಪನ್ನೂ ಇಳಿಸಿತು. ಮೇಷ್ಟ್ರು ಮೈತುಂಬ ಸೋಪಿನೊಂದಿಗೆ ನಮ್ಮ ಗೇಟಿಗೆ ಬಂದರು.

"5050," ಎಂದಿತು ಡಬ್ಬಿ. "ಮಂದಿ ಇಲ್ಲ. ಬರೇ ಟವೆಲ್! ಹಾಕಿದವರು: ಹಾಲೇಶ."

ಹಾಲೇಶ ಮಾವನ ಮಗ, ನನ್ನ ಗಂಡ. ತೀರಿಕೊಂಡು ಎರಡು ವರ್ಷ. ಸಂಜೆ ಐದಕ್ಕೆ ಅವನ ದನಿಯಲ್ಲಿ "ಚಹಾ ಆತೇನು?" ಎಂದು ಕೇಳಲು ಅವನು ಬರೆದಿಟ್ಟ ಪ್ರೋಗ್ರಾಮೇ ಆ ಟವೆಲ್. ಒಮ್ಮೆ ಇಳಿದರೆ ಮತ್ತೆ ಹತ್ತದು ಎಂದು ನಾನು ಕಂಪ್ಯೂಟರ್ ಆರಿಸುವುದೇ ಇಲ್ಲ. ಆ ದನಿ ಬೇರೆಲ್ಲೂ ಇಲ್ಲ.

ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡರೆ ಮಾವನಿಗೆ ಆಗದು. ಡಬ್ಬಿಗೂ ಅದನ್ನೇ ಕಲಿಸಿದ್ದರು. "ಮೂರನೇ ವಿಶಲ್ಲಿಗೆ ಟವೆಲ್ ಹೊರಗೆ! ಪೀ!"

"ನಿಲ್ಲಸ್ರೀ ಅದನ್ನ!" ಎಂದು ಕೂಗಿದೆ ನಾನು.

"ಗುಂಡಿ ಕೇಳವಲ್ದು!" ಎಂದರು ಮಾವ.

"ವೈರ್ ಕೀಳ್ರಿ!"

"ಕಿತ್ತರ ಎಲ್ಲಾರೂ ಇಳೀತಾರ!"

"ಪೀ!"

ಅತ್ತೆ ಡಬ್ಬಿಯ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. "ಏ ಕಂಡಕ್ಟರಾ! ಇಲ್ಲಿ ಮಂದಿ ಐತಿ! ಕೆಳಗ ಇಳದಾನ, ಬರ್ತಾನ!"

ಡಬ್ಬಿ ತಡವರಿಸಿತು. "ಟಿಕೆಟ್ ಎಲ್ಲಿಗೆ?"

ಅತ್ತೆ ನನ್ನತ್ತ ತಿರುಗಿದರು.

"ಕೊನೇ ಸ್ಟಾಪಿಗೆ," ಎಂದೆ ನಾನು.

ಟರ್ರ್ ಎಂದು ಟಿಕೆಟ್ ಬಂತು. ಡಬ್ಬಿ ಮುಂದಿನ ಸೀಟಿಗೆ ಹೋಯಿತು. "5051. ಕೂತವರು: ನಾನೇ. ಟಿಕೆಟ್: ಇಲ್ಲ!" ತನಗೆ ತಾನೇ ವಿಶಲ್ ಊದಿಕೊಂಡು, ಮೇಜಿನಿಂದ ಕೆಳಗೆ ಹಾರಿ ಚೂರುಚೂರಾಯಿತು!

ಐದು ಗಂಟೆಯಾಯಿತು. "ಚಹಾ ಆತೇನು?"

"ಆತಪಾ," ಎಂದರು ಮಾವ.

ಆಗಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು. ಕೂಗಬೇಕಾದ ಪ್ರೋಗ್ರಾಮಿಗೆ ಸೀಟು ಸಿಕ್ಕಿರಲಿಲ್ಲ.