ಜ್ಞಾನ ನಿವಾರಣಾ ಅಧಿಕಾರಿ

ಬೇರೆಯವರ ಆಫೀಸಿನಲ್ಲಿ ಇಂಥದ್ದು ಯಾವಾಗಲೋ ಒಂದು ಸಲ ನಡೆಯುತ್ತೆ, ಅವರು ಅದನ್ನು ನೆನೆಸಿಕೊಂಡು ಜೀವನಪೂರ್ತಿ ನಗುತ್ತಾರೆ. ನಮ್ಮಲ್ಲಿ ವಾರವಾರವೂ ನಡೆಯುತ್ತೆ, ಹಾಗಾಗಿ ನನಗೆ ನಗು ಬರೋಕೆ ಮುಂಚೆ ಸಿಟ್ಟು ಬರುತ್ತೆ. ನಮ್ಮನೆಯವರು ಹೇಳ್ತಾರೆ: "ನೀನು ಬಯ್ಕೊಂಡು ಹೇಳ್ತೀಯ, ಕೇಳೋರು ನಕ್ಕೊಂಡು ಕೇಳ್ತಾರೆ. ಇಬ್ಬರಿಗೂ ಒಳ್ಳೇದೇ ಅಲ್ವಾ?" ಒಳ್ಳೇದಂತೆ! ಅನುಭವಿಸೋಳು ನಾನು.

ನಾನು ಜಾಲಹಳ್ಳಿ ಕಡೆ ಒಂದು ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಲೈಬ್ರೇರಿಯನ್. ನಮ್ಮ ವಿಜ್ಞಾನಿಗಳಿಗೂ, ಮಾಹಿತಿ ಕೇಳೋ ಬೇರೆ ಇಲಾಖೆಗಳಿಗೂ ಬೇಕಾದ ಪುಸ್ತಕ, ವರದಿ, ಲೇಖನ ಹುಡುಕಿ ಕೊಡೋದು ನನ್ನ ಕೆಲಸ. ಮನೆ ಅಮೃತಹಳ್ಳಿಯಲ್ಲಿ. ಬೆಳಗ್ಗೆ ಹೆಬ್ಬಾಳದ ಫ್ಲೈಓವರ್ ದಾಟೋಷ್ಟರಲ್ಲಿ ಅರ್ಧ ತಾಳ್ಮೆ ಅಲ್ಲೇ ಖರ್ಚಾಗಿರುತ್ತೆ. ಉಳಿದ ಅರ್ಧವನ್ನು ಇವರೆಲ್ಲ ಸೇರಿ ಹೇಗೆ ಮುಗಿಸಿದರು ಅಂತ ಕೇಳಿ.

ಬೋರ್ಡು

ಒಂದು ದಿನ ದೆಹಲಿಯಿಂದ ಆರ್ಡರ್ ಬಂತು. ಇನ್ನು ಮುಂದೆ ಲೈಬ್ರೇರಿಯನ್ ಅನ್ನೋ ಹುದ್ದೆ ಇಲ್ಲ, ನಾನು 'ನಾಲೆಡ್ಜ್ ಮ್ಯಾನೇಜ್‌ಮೆಂಟ್ ಆಫೀಸರ್'. ಸಂಬಳ ಅದೇ, ಕುರ್ಚಿ ಅದೇ, ಕುರ್ಚಿಯ ಮುರಿದ ಕೈಯೂ ಅದೇ. ಹೆಸರು ಮಾತ್ರ ಉದ್ದ ಆಯ್ತು.

ಬಾಗಿಲಿಗೆ ಕನ್ನಡದಲ್ಲೂ ಬೋರ್ಡು ಬೇಕಲ್ಲ. ಆಡಳಿತ ವಿಭಾಗದ ಸೂಪರಿಂಟೆಂಡೆಂಟರು 'ಜ್ಞಾನ ನಿರ್ವಹಣಾ ಅಧಿಕಾರಿ' ಅಂತ ಫೋನಿನಲ್ಲಿ ಹೇಳಿ ಬರೆಸಿದರು. ನಾನು ಎರಡು ದಿನ ರಜೆಯಲ್ಲಿದ್ದೆ. ಬಂದು ನೋಡ್ತೀನಿ, ನನ್ನ ಬಾಗಿಲ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಹೊಳೀತಾ ಇದೆ: 'ಜ್ಞಾನ ನಿವಾರಣಾ ಅಧಿಕಾರಿ'.

ಸೊಳ್ಳೆ ನಿವಾರಣೆ, ತಲೆನೋವು ನಿವಾರಣೆ, ಆಮೇಲೆ ನಾನು!

ನೇರ ಸೂಪರಿಂಟೆಂಡೆಂಟರ ಹತ್ತಿರ ಹೋಗಿ ಫೋನಲ್ಲಿ ಫೋಟೋ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಏನಾಗಿದೆ ಮೇಡಂ? ಜ್ಞಾನ ಸರಿಯಾಗಿದೆ. ಅಧಿಕಾರಿ ಸರಿಯಾಗಿದೆ."

"ಮಧ್ಯದ್ದು ಓದಿ ಸರ್."

ಓದಿದರು. "ಓ, ಅಷ್ಟೇನಾ? ಬಿಡಿ, ಯಾರ್ ಓದ್ತಾರೆ?"

"ಸರ್, ಅದು ಲೈಬ್ರರಿ ಬಾಗಿಲು!"

"ಅದಕ್ಕೇ ಹೇಳಿದ್ದು."

ನಮ್ಮ ನಿರ್ದೇಶಕರಿಗೆ ಕನ್ನಡ ಬರಲ್ಲ. ಅವರು ಆ ಬೋರ್ಡಿನ ಕೆಳಗೇ ನನ್ನನ್ನು ನಿಲ್ಲಿಸಿ, ತಾವೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿ ವಾರ್ಷಿಕ ವರದಿಗೆ ಹಾಕಿಸಿದರು. ನಾನು ಉರ್ಕೊಂಡು ಓಡಾಡ್ತಿದ್ದರೆ, ದಿನಾ ಪೇಪರ್ ಓದೋಕೆ ಬರೋ ಹಿರಿಯ ವಿಜ್ಞಾನಿಯೊಬ್ಬರು ಸಮಾಧಾನ ಮಾಡಿದರು. "ತೆಗೆಸ್ಬೇಡಿ ಮೇಡಂ. ಈ ಕ್ಯಾಂಪಸ್ಸಲ್ಲಿ ಇಷ್ಟು ನಿಜ ಹೇಳೋ ಬೋರ್ಡು ಇನ್ನೊಂದಿಲ್ಲ."

ಎಲ್ಲಾ ನೀರೂ

ಒಂದು ಬೆಳಗ್ಗೆ ದೊಡ್ಡ ಅಧಿಕಾರಿಯೊಬ್ಬರ ಪಿ.ಎ. ಫೋನ್ ಮಾಡಿದರು. "ಸಾಹೇಬ್ರಿಗೆ ನೀರಿನ ಬಗ್ಗೆ ಮಾಹಿತಿ ಬೇಕು. ಸಂಜೆ ಒಳಗೆ. ಬಹಳ ಅರ್ಜೆಂಟು."

"ಯಾವ ನೀರು ಸರ್? ಕುಡಿಯೋ ನೀರಾ, ಅಂತರ್ಜಲವಾ, ಕೊಳಚೆ ನೀರಾ?"

"ನೀರು ಮೇಡಂ, ನೀರು. ಎಲ್ಲಾ ಹಾಕಿ."

"ಎಷ್ಟು ಪುಟ?"

"ಎರಡು."

"ಎಲ್ಲಾ ನೀರೂ ಎರಡು ಪುಟದಲ್ಲಾ?"

"ಹೂಂ. ಅಕ್ಷರ ದಪ್ಪಕ್ಕಿರ್ಲಿ."

ಏನೋ ದೊಡ್ಡ ಮೀಟಿಂಗ್ ಇರ್ಬೇಕು, ಊರಿನ ಕೆರೆಗಳ ಭವಿಷ್ಯ ನನ್ನ ಎರಡು ಪುಟದ ಮೇಲೆ ನಿಂತಿರಬೇಕು ಅಂದುಕೊಂಡೆ. ಊಟ ಬಿಟ್ಟೆ. ಅಂತರ್ಜಲದ ವಿಜ್ಞಾನಿಯನ್ನು ಅವರ ಪ್ರಯೋಗಾಲಯದಿಂದ ಎಳೆದು ತಂದು ಕೂರಿಸಿ ಒಂದೊಂದು ಸಾಲೂ ಪರೀಕ್ಷೆ ಮಾಡಿಸಿದೆ. ಅವರೂ ಊಟ ಬಿಟ್ಟರು. ಸಂಜೆ ಕಳಿಸಿದ ಮೇಲೆ, ದೇಶಕ್ಕೆ ಏನೋ ಮಾಡಿದ್ವಿ ಅನ್ನೋ ತೃಪ್ತಿಯಲ್ಲಿ ಇಬ್ಬರೂ ತಣ್ಣಗಿನ ಉಪ್ಪಿಟ್ಟು ತಿಂದ್ವಿ.

ಮುಂದಿನ ವಾರ ಪಿ.ಎ. ಮತ್ತೆ ಫೋನು. "ಮೇಡಂ, ಆರು ಬಂತು."

"ಏನು ಆರು?"

"ಹತ್ತಕ್ಕೆ ಆರು. ಸಾಹೇಬ್ರ ಮೊಮ್ಮಗಳ ಸ್ಕೂಲ್ ಪ್ರಾಜೆಕ್ಟು. ಚಿತ್ರ ಇಲ್ಲ ಅಂತ ಮಿಸ್ಸು ನಾಕು ಮಾರ್ಕ್ಸ್ ಕಟ್ ಮಾಡಿದಾರೆ."

ನನಗೆ ಮೈಯೆಲ್ಲ ಉರಿದುಹೋಯ್ತು. ಬಾಯಿ ತೆಗೆಯೋಷ್ಟರಲ್ಲಿ ಅವರೇ ಮುಂದುವರಿಸಿದರು. "ಈ ವಾರ ಆನೆ. ಚಿತ್ರ ಮರೀಬೇಡಿ."

ಯಾಂತ್ರಿಕ ಪ್ರಚೋದನೆ

ಹುದ್ದೆಯ ಹೆಸರಿನ ಜೊತೆ ಹೊಸ ಕೆಲಸವೂ ಬಂತು. ಯಾರಾದರೂ ನಿವೃತ್ತರಾಗ್ತಾ ಇದ್ದರೆ, ಅವರ ತಲೆಯಲ್ಲಿರೋದನ್ನೆಲ್ಲ ಕೇಳಿ ಬರೆದುಕೊಂಡು ಕಂಪ್ಯೂಟರಿಗೆ ಹಾಕಬೇಕು. ಅವರು ಮನೆಗೆ ಹೋದರೂ ಜ್ಞಾನ ಆಫೀಸಿನಲ್ಲೇ ಉಳೀಬೇಕಂತೆ.

ಮೊದಲು ಸಿಕ್ಕಿದವರು ಮಣ್ಣು ಪರೀಕ್ಷೆಯ ಹಳೇ ಯಂತ್ರ ನೋಡಿಕೊಳ್ತಿದ್ದ ವಿಜ್ಞಾನಿ. ಆ ಯಂತ್ರ ಅವರ ಮಾತು ಬಿಟ್ಟರೆ ಇನ್ಯಾರ ಮಾತೂ ಕೇಳ್ತಿರಲಿಲ್ಲ. ಮೂರು ಮಧ್ಯಾಹ್ನ ಅವರ ಮುಂದೆ ಕೂತೆ. ಹೆಚ್ಚಿನ ಹೊತ್ತು, ಕಿಟಕಿ ಇರೋ ರೂಮು ತಮಗೆ ಯಾಕೆ ಸಿಗಲಿಲ್ಲ, ಯಾರಿಗೆ ಸಿಕ್ಕಿತು, ಅವರು ಎಂಥಾ ಮನುಷ್ಯ ಅಂತ ಹೇಳಿದರು. ಕೊನೆಗೆ ನಾನೇ ಕೇಳಿದೆ: "ಸರ್, ಯಂತ್ರ ನಿಂತುಹೋದರೆ ಏನು ಮಾಡ್ಬೇಕು?"

ಬಾಗಿಲು ಹಾಕಿ ಬಂದು ಪಿಸುಗುಟ್ಟಿದರು. "ಎಡಗಡೆ, ಕೆಳಗೆ. ಒಂದು ಒದೀಬೇಕು. ಜೋರಾಗಲ್ಲ, ಪ್ರೀತಿಯಿಂದ."

ಹಾಗೇ ಬರೆದೆ. ನಿಜ ತಾನೇ? ಆದರೆ ನಿರ್ದೇಶಕರ ಕಚೇರಿಯಿಂದ ಫೈಲು ವಾಪಸ್ ಬಂತು. 'ಒದೆ' ಅನ್ನೋದು ಸರ್ಕಾರಿ ಭಾಷೆ ಅಲ್ಲ, ತಿದ್ದಿ ಅಂತ. ನಾನು ಆಗಲ್ಲ ಅಂದೆ. ಇದಕ್ಕಿಂತ ಸ್ಪಷ್ಟವಾಗಿ ಹೇಳೋಕೆ ಬರಲ್ಲ ಅಂತ ವಾದ ಮಾಡಿದೆ. ಕೊನೆಗೆ ಆ ಕಚೇರಿಯವರೇ ತಿದ್ದಿಕೊಂಡರು: 'ಯಂತ್ರದ ಎಡ ಕೆಳಭಾಗಕ್ಕೆ ಸೌಮ್ಯವಾದ ಯಾಂತ್ರಿಕ ಪ್ರಚೋದನೆ ನೀಡತಕ್ಕದ್ದು'.

ಆ ವಿಜ್ಞಾನಿ ಹಾರ ಹಾಕಿಸಿಕೊಂಡು ಮನೆಗೆ ಹೋದರು. ಅವರ ಜಾಗಕ್ಕೆ ಹೊಸ ಇಂಜಿನಿಯರ್ ಬಂದರು. ಯಂತ್ರ ನಿಂತಿತು, ವಾರಗಟ್ಟಲೆ ನಿಂತೇ ಇತ್ತು. ಪರೀಕ್ಷೆಗೆ ಬಂದ ಮಣ್ಣಿನ ಚೀಲಗಳು ಕಾರಿಡಾರ್ ತುಂಬ ಸಾಲುಗಟ್ಟಿದವು. ನಾನು ವಿಚಾರಿಸೋಣ ಅಂತ ಹೋದೆ.

"ನಾನು ಬರೆದಿಟ್ಟಿದ್ದು ನೋಡಿಲ್ವಾ?"

"ನೋಡಿದೆ ಮೇಡಂ, ತುಂಬಾ ಉಪಯೋಗ ಆಯ್ತು," ಅಂದರು ಇಂಜಿನಿಯರ್ ಬಹಳ ಗೌರವದಿಂದ. "ಆ ಯಾಂತ್ರಿಕ ಪ್ರಚೋದಕ ನಮ್ಮ ಸ್ಟೋರ್ಸಲ್ಲಿ ಇಲ್ಲ. ಟೆಂಡರ್ ಕರೆದಿದೀವಿ."

ನಾನು ಸೆರಗು ಸಿಕ್ಕಿಸಿ ಒಂದು ಕೊಟ್ಟೆ. ಯಂತ್ರ ಗುರ್ರ್ ಅಂತು. ಆದರೆ ಅದರಲ್ಲಿ ಪ್ರೀತಿ ಇತ್ತು ಅಂತ ನಾನು ಹೇಳಲಾರೆ.

ಹತ್ತಡಿ ಪುಸ್ತಕ

ಆಫೀಸಿನದ್ದೇ ಸಾಲದು ಅಂತ ಮನೆ ಕಡೆಯೂ ಒಬ್ಬರಿದ್ದಾರೆ. ನಮ್ಮ ಮನೆ ಓನರು. ಊರಿನ ಹಳೇ ಮನೆತನ. ಅವರಪ್ಪ ರಾಗಿ ಬೆಳೀತಿದ್ದ ಹೊಲದಲ್ಲಿ ಇವರು ಅಪಾರ್ಟ್‌ಮೆಂಟ್ ಬೆಳೀತಾರೆ. ಒಂದು ಭಾನುವಾರ ಬಂದರು.

"ಮೇಡಂ, ನಿಮ್ಮಿಂದ ಒಂದ್ ಎಲ್ಪ್ ಆಗ್ಬೇಕು. ಒಸಾ ಬಿಲ್ಡಿಂಗ್ ಲಾಬೀಲಿ ಲೈಬ್ರರಿ ಮಾಡ್ತಾ ಇವ್ನಿ."

ನನಗೆ ಎಷ್ಟು ಖುಷಿ ಆಯ್ತು ಅಂದರೆ ಕಾಫಿಗೆ ಇನ್ನೊಂದು ಚಮಚ ಡಿಕಾಕ್ಷನ್ ಹಾಕಿದೆ. "ಯಾವ ಥರದ ಪುಸ್ತಕ ಬೇಕು?"

"ಅತ್ತಡಿ."

"ಏನು?"

"ಅತ್ತಡಿ ಉದ್ದ. ಎತ್ತರ ಒಂದೇ ಸಮ ಇರ್ಬೇಕು. ಕಂದು ಬಣ್ಣ ಆದ್ರೆ ಒಳ್ಳೇದು, ಸೋಫಾಗೆ ಮ್ಯಾಚ್ ಆಯ್ತದೆ."

ಕಾಫಿ ಆರೋವರೆಗೂ ನಾನು ನಿಲ್ಲಿಸಲಿಲ್ಲ. ಪುಸ್ತಕ ಅಂದರೇನು, ಮಕ್ಕಳು ಓದಿದರೆ ಏನಾಗುತ್ತೆ, ಓದದೇ ಇದ್ದರೆ ಏನಾಗುತ್ತೆ, ಬಟ್ಟೆ ಥರ ಅಳತೆ ಹಾಕಿ ಕೊಳ್ಳೋದು ಎಷ್ಟು ದೊಡ್ಡ ಅವಮಾನ, ಎಲ್ಲ ಹೇಳಿದೆ. ಪಾಪ, ಮನುಷ್ಯ ತಲೆ ತಗ್ಗಿಸಿ ಕೇಳಿದರು. "ನೀವೇಳೋದು ಸರಿ ಮೇಡಂ. ನಂಗೆ ತೋಚ್ಲಿಲ್ಲ. ಓದೋರ್ಗೂ ಏನಾರ ಮಾಡನ ಬುಡಿ," ಅಂದರು. ಒಬ್ಬರನ್ನಾದರೂ ತಿದ್ದಿದೆ ಅಂತ ನನಗೆ ಸಮಾಧಾನ ಆಯ್ತು.

ಬಿಲ್ಡಿಂಗ್ ಪೂಜೆಗೆ ಕರೆದರು. ಲಾಬಿಯಲ್ಲಿ ನಿಜವಾಗಿಯೂ ಹತ್ತಡಿ ಕಂದು ಪುಸ್ತಕ. ಒಂದನ್ನು ಎಳೆದೆ, ಬರಲಿಲ್ಲ. ಇನ್ನೊಂದು ಎಳೆದೆ, ಕಪಾಟೇ ಅಲ್ಲಾಡಿತು.

"ಅಂಟಾಕ್ಸಿವ್ನಿ ಮೇಡಂ," ಅಂದರು ಓನರು. "ಯಾರೂ ಎತ್ಕಂಡೋಗ್ಬಾರ್ದಲ್ಲ."

"ಓದೋರಿಗೂ ಏನಾದ್ರೂ ಮಾಡ್ತೀನಿ ಅಂದಿದ್ರಿ!"

"ಮಾಡಿವ್ನಲ್ಲ!" ಅಂತ ಕಪಾಟಿನ ಮೇಲಿನ ಪುಟ್ಟ ಪೆಟ್ಟಿಗೆ ತೋರಿಸಿದರು. "ವೈಫೈ."

ಇಲ್ಲದ ಪುಸ್ತಕ

ಇದನ್ನು ಹೇಳುವಾಗ ಈಗಲೂ ನನ್ನ ಬಿ.ಪಿ. ಏರುತ್ತೆ.

ನಮ್ಮ ಉಪನಿರ್ದೇಶಕರು ಒಂದು ದಿನ ಕೆರೆ ಹೂಳಿನ ಬಗ್ಗೆ ಒಂದು ಪುಸ್ತಕ ಬೇಕು ಅಂತ ಬಂದರು. ಲೇಖಕರ ಹೆಸರು, ಪ್ರಕಾಶಕರು, ಪುಟಸಂಖ್ಯೆ, ಎಲ್ಲ ಬರ್ಕೊಂಡು ಬಂದಿದ್ದರು. ನಮ್ಮಲ್ಲಿ ಹುಡುಕಿದೆ, ಇಲ್ಲ. ಯಶವಂತಪುರದ ಕಡೆ ಇನ್ನೊಂದು ಸಂಸ್ಥೆಯಲ್ಲಿರೋ ಗೆಳತಿಯನ್ನು ಕೇಳಿದೆ, ಇಲ್ಲ. ದೇಶದಲ್ಲೆಲ್ಲೂ ಇಲ್ಲ. ನನಗೆ ಅನುಮಾನ ಬಂತು.

"ಸರ್, ಈ ಪುಸ್ತಕದ ವಿಷಯ ನಿಮಗೆ ಯಾರು ಹೇಳಿದ್ದು?"

"ಎಐ ಹೇಳ್ತು."

"ಅದು ಕೆಲವು ಸಲ ಇಲ್ಲದೇ ಇರೋ ಪುಸ್ತಕಾನೂ ಹೇಳುತ್ತೆ ಸರ್."

"ಪುಟಸಂಖ್ಯೆ ಕೊಟ್ಟಿದೆ ಕಣ್ರೀ! ಇಲ್ಲದೇ ಇರೋ ಪುಸ್ತಕಕ್ಕೆ ಪುಟ ಎಲ್ಲಿಂದ ಬರುತ್ತೆ?"

ಲೇಖಕರು ಅಂತ ಅದು ಹೇಳಿದ್ದ ಪ್ರೊಫೆಸರು ಮಾತ್ರ ನಿಜವಾಗಿಯೂ ಇದ್ದರು. ನಿವೃತ್ತರಾಗಿ ಆರ್.ಟಿ. ನಗರದಲ್ಲಿದ್ದಾರೆ. ಫೋನ್ ಮಾಡಿ ಕೇಳಿದೆ. ಪುಸ್ತಕದ ಹೆಸರನ್ನು ಇನ್ನೊಂದು ಸಲ ಹೇಳಿಸಿಕೊಂಡು ಅಂದರು: "ನಾನು ಅದನ್ನ ಬರೆದಿಲ್ಲಮ್ಮ. ಬರೀಬೇಕು ಅಂತ ಬಹಳ ಆಸೆ ಇತ್ತು, ಆಗಲಿಲ್ಲ. ಹೇಗೆ ಬಂದಿದೆಯಂತೆ?"

ನನಗೆ ಪಾಪ ಅನ್ನಿಸ್ತು. "ಚೆನ್ನಾಗಿ ಬಂದಿದೆಯಂತೆ ಸರ್," ಅಂದೆ.

ಉಪನಿರ್ದೇಶಕರಿಗೆ ಹೋಗಿ, ಲೇಖಕರೇ ಬರೆದಿಲ್ಲ ಅಂತಾರೆ ಅಂತ ತಿಳಿಸಿದೆ. "ವಯಸ್ಸಾಗಿದೆ, ಮರೆತಿರ್ತಾರೆ," ಅಂದರು. ಮರುದಿನ ನನ್ನ ಮೇಜಿನ ಮೇಲೆ ಮೆಮೊ. ಇಷ್ಟು ಮುಖ್ಯವಾದ ಪುಸ್ತಕ ಲೈಬ್ರರಿಯಲ್ಲಿ ಸಿಗದಿರಲು ಕಾರಣವೇನು, ವಿವರಣೆ ಕೊಡಿ ಅಂತ. ಅಂಥ ಪುಸ್ತಕವೇ ಇಲ್ಲ ಅಂತ ಒಂದೇ ಸಾಲಿನಲ್ಲಿ ಉತ್ತರ ಬರೆದೆ. ಅದನ್ನು ಉದ್ಧಟತನ ಅಂದರು. ಸಮಿತಿ ರಚಿಸಿದರು!

ಸಮಿತಿಯಲ್ಲಿ ಆಡಳಿತದ ಸೂಪರಿಂಟೆಂಡೆಂಟರು, ಕರೆಂಟ್ ನೋಡಿಕೊಳ್ಳೋ ಇಂಜಿನಿಯರು, ಲೆಕ್ಕಾಧಿಕಾರಿ. ಮೂವರೂ ಕಪಾಟುಗಳ ಹಿಂದೆಲ್ಲ ಟಾರ್ಚ್ ಬಿಟ್ಟು ಹುಡುಕಿದರು. ಒಂದು ಕೊಡೆ, ಟಿಫಿನ್ ಬಾಕ್ಸಿನ ಮುಚ್ಚಳ, ಯಾರದ್ದೋ ಒಂಟಿ ಚಪ್ಪಲಿ ಸಿಕ್ಕಿತು. ಪುಸ್ತಕ ಸಿಗಲಿಲ್ಲ. ಹಾಗಾಗಿ ಪುಸ್ತಕ ಕಳೆದುಹೋಗಿದೆ ಅಂತ ತೀರ್ಮಾನ ಮಾಡಿದರು.

"ಕಳೆದುಹೋಗಿದೆ ಅಲ್ಲ ಸರ್, ಇಲ್ಲ ಅಂತ ಬರೀರಿ," ಅಂತ ಕೂಗಾಡಿದೆ.

ಲೆಕ್ಕಾಧಿಕಾರಿ ಶಾಂತವಾಗಿ ಹೇಳಿದರು: "ನಿಮ್ಮ ಲೈಬ್ರರಿ ಸಾಫ್ಟ್‌ವೇರಲ್ಲಿ 'ಇದೆ', 'ಹೊರಗೆ ಹೋಗಿದೆ', 'ಕಳೆದುಹೋಗಿದೆ' ಅಂತ ಮೂರೇ ಇರೋದು ಮೇಡಂ. 'ಹುಟ್ಟೇ ಇಲ್ಲ' ಅನ್ನೋದು ಇಲ್ಲ."

"ಕಳೆದಿದೆ ಅಂತ ತೋರಿಸ್ಬೇಕಾದ್ರೆ ಮೊದಲು ನಮ್ಮಲ್ಲಿತ್ತು ಅಂತ ನಾನು ಸೇರಿಸ್ಬೇಕು! ಇಲ್ಲದ ಪುಸ್ತಕಾನ!"

"ಸೇರಿಸಿ. ನಿಮ್ಮ ಪ್ರಮೋಷನ್ ಫೈಲು ಇದರ ಕೆಳಗೇ ಇದೆ. ಇದು ಮೇಲೆದ್ದರೆ ಅದು ಮೇಲೆ ಬರುತ್ತೆ."

ನಾಲ್ಕು ದಿನ ಹಟ ಹಿಡಿದೆ. ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. "ಒಂದು ಪುಸ್ತಕ ತಾನೇ, ಸೇರಿಸ್ಬಿಡು ಮಾರಾಯ್ತಿ, ಮನೇಲಿ ಲೋಟ ಉಳೀಲಿ," ಅಂದರು ನಮ್ಮನೆಯವರು. ಕೊನೆಗೆ, ಇಷ್ಟು ವರ್ಷ ಒಂದು ಅಕ್ಷರ ಸುಳ್ಳು ಸೇರಿಸದ ಅದೇ ಕೈಯಿಂದ ಆ ಪುಸ್ತಕದ ಹೆಸರು, ಲೇಖಕರು, ಪುಟ ಎಲ್ಲ ತುಂಬಿಸಿ, ಕೊನೆಯಲ್ಲಿ 'ಕಳೆದುಹೋಗಿದೆ' ಅಂತ ಒತ್ತಿದೆ. ಫೈಲು ಮುಚ್ಚಿತು. ಪ್ರಮೋಷನ್ನೂ ಆಯ್ತು. ಎಲ್ಲ ಮುಗೀತು ಅಂದುಕೊಂಡೆ. ಆದರೆ ನಮ್ಮ ಲೈಬ್ರರಿಯ ಪಟ್ಟಿ ಇಂಟರ್ನೆಟ್ಟಿನಲ್ಲಿದೆ, ಯಾರು ಬೇಕಾದರೂ ನೋಡಬಹುದು ಅನ್ನೋದು ಆ ಸಿಟ್ಟಿನಲ್ಲಿ ನನಗೆ ಹೊಳೀಲೇ ಇಲ್ಲ.

ಕೆಲವು ತಿಂಗಳಾದ ಮೇಲೆ ಉಪನಿರ್ದೇಶಕರು ಲ್ಯಾಪ್‌ಟಾಪ್ ತೆರೆದುಕೊಂಡೇ ಒಳಗೆ ಬಂದರು. ಗೆದ್ದವರ ಮುಖ.

"ಆವತ್ತು ಅಂಥ ಪುಸ್ತಕವೇ ಇಲ್ಲ ಅಂದ್ರಲ್ಲ ಮೇಡಂ. ನಿಜವಾಗ್ಲೂ ಇದೆಯಾ ಅಂತ ಎಐನ ಇನ್ನೊಂದ್ ಸಲ ಕೇಳಿದೆ. ಈ ಸಲ ಆಧಾರ ಸಮೇತ ಹೇಳಿದೆ. ನೀವೇ ಓದಿ."

ಓದಿದೆ. 'ಹೌದು, ಈ ಪುಸ್ತಕ ಖಂಡಿತವಾಗಿಯೂ ಇದೆ. ಇದರ ಏಕೈಕ ಪ್ರತಿ ಬೆಂಗಳೂರಿನ ಒಂದು ಸರ್ಕಾರಿ ಲೈಬ್ರರಿಯಲ್ಲಿತ್ತು. ದುರದೃಷ್ಟವಶಾತ್ ಅಲ್ಲಿನವರು ಅದನ್ನು ಕಳೆದುಹಾಕಿದ್ದಾರೆ.'