ಹೆಸರು ಹೇಳದೆ ಹುಡುಕು

ಶಾಂತಕುಮಾರ: ಮೈಕ್ ಒತ್ತೀನಿ. ಇನ್ನ ಹೆಸರು ಹೇಳ್ರಿ ವೈನಿ. ಅದು ಕಾಯಾಕತ್ತೈತಿ.

ನಾನು: ಕಾಯಲಿ. ಅದರ ಮುಂದ ಅವರ ಹೆಸರು ನಾ ಯಾಕ ಹೇಳಲಿ?

ಶಾಂತಕುಮಾರ: ಹೇಳದಿದ್ರ ಯಾರನ್ನ ಹುಡುಕಬೇಕಂತ ಬ್ರೌಸರ್‌ಗೆ ಹೆಂಗ ತಿಳೀಬೇಕು?

ನಾನು: ನಿನ್ನ ಅಣ್ಣನ್ನ ಹುಡುಕು ಅಂತ ಹೇಳು.

ಶಾಂತಕುಮಾರ: ಅದಕ್ಕ ಅಣ್ಣ ತಮ್ಮ ಗೊತ್ತಾಗಲ್ರಿ.

ನಾನು: ಈಗ ತಾನ ಜಗತ್ತೆಲ್ಲಾ ಗೊತ್ತೈತಿ ಅಂದಿ.

ಶಾಂತಕುಮಾರ ನನ್ನ ಮೈದುನ. ಮಾದಾಪುರದಲ್ಲಿ ಕೆಲಸ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ತಂದು ನನಗೆ ಬ್ರೌಸರ್ ಕಲಿಸಲು ಕೂತಿದ್ದ. ನನ್ನ ಯಜಮಾನರು ತೀರಿಕೊಂಡು ವರ್ಷವಾಗುತ್ತ ಬಂತು. ಗೋಡೆಗೆ ಹಾಕಿದ್ದು ಆಧಾರ್ ಕಾರ್ಡಿನ ಫೋಟೋ, ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವರು ಪೊಲೀಸರು ಹಿಡಿದು ತಂದವರ ಹಾಗಿದ್ದಾರೆ. ನಗುವ ಫೋಟೋ ಇರುವುದು ಒಂದೇ. ಅದು ನಾವಿರುವ ಮೆಹದಿಪಟ್ಟಣಂನ ಕನ್ನಡ ಸಂಘದವರ ಪುಟದಲ್ಲಿದೆಯಂತೆ. ಪುಣ್ಯಸ್ಮರಣೆಗೆ ನನಗೆ ಅದೇ ಬೇಕು. ಮೈದುನ ಇಂಗ್ಲಿಷಿನಲ್ಲಿ ಬರೆದು ಹುಡುಕಿದ, ಸಿಗಲಿಲ್ಲ. ಪುಟ ಕನ್ನಡದ್ದು. ಕನ್ನಡ ಬರೆಯಲು ಲ್ಯಾಪ್‌ಟಾಪಿಗೂ ಬರುವುದಿಲ್ಲ, ಅವನಿಗೂ ಬರುವುದಿಲ್ಲ. ಬಾಯಲ್ಲೇ ಹೇಳಬೇಕು.

ನಾನು: ನೀನೇ ಹೇಳು. ನಿನ್ನ ಬಾಯಿಗೇನಾಗೈತಿ?

ಶಾಂತಕುಮಾರ: ಅಣ್ಣನ ಹೆಸರು ಹಿಡೀಲೇನ್ರಿ? ಹುಟ್ಟಿದಾಗಿಂದ ಒಮ್ಮೆನೂ ಹಿಡಿದಿಲ್ಲ.

ನಾನು: ನನಗ ಏನಂದಿ? ಕಾಲ ಬದಲಾಗೈತಿ ಅಂದಿ.

ಶಾಂತಕುಮಾರ: ನಿಮಗ ಬದಲಾಗೈತ್ರಿ.

ಅವನ ಹೆಂಡತಿ ತಾರಾ ಅಡುಗೆಮನೆಯಿಂದಲೇ ಕೂಗಿದಳು.

ತಾರಾ: ನನಗ ಹಚ್ಚಬ್ಯಾಡ್ರಿ, ಅವರು ನನಗ ಭಾವ. ಅಕ್ಕಾ, ಒಡಪಿನಾಗ ಹೇಳ್ರಿ. ಒಡಪು ಹಾಕಿ ಹೇಳಿದ್ರ ದೋಷಿಲ್ಲ.

ಶಾಂತಕುಮಾರ: ಒಡಪು ಗಂಡ ಇದ್ದಾಗ ಹಾಕೋದು.

ನಾನು: ಹೌದಾ? ಹೆಸರು ಹೇಳಂತ ಗಂಟು ಬಿದ್ದಿದ್ದಿ, ಆವಾಗ ನಿನಗ ಇದು ನೆನಪಿರಲಿಲ್ಲ. ಒತ್ತು ಮೈಕು.

ಮದುವೆಯ ದಿನ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳಿದ್ದ ಒಡಪನ್ನೇ ಹೇಳಿದೆ.

ನಾನು: ಎಣ್ಣೆಗಾಯಿ ಬದನಿಕಾಯಿಗೆ ಗುರೆಳ್ಳಿನ ಪುಡಿ, ಶಿವಶರಣಪ್ಪ ನಕ್ಕರ ಮನಿಯೆಲ್ಲ ಗಡಿಬಿಡಿ.

ಪರದೆಯ ಮೇಲೆ ಎಣ್ಣೆಗಾಯಿ ಬಂತು. ಸಾಲಿಗೆ ಸಾಲು ಎಣ್ಣೆಗಾಯಿ. ಒಬ್ಬಾಕೆ ಅದಕ್ಕೆ ಟೊಮ್ಯಾಟೊ ಹಾಕುತ್ತಿದ್ದಳು.

ನಾನು: ಗಂಡನ್ನ ಕೇಳಿದ್ರ ಬದನಿಕಾಯಿ ತಂದೈತಿ. ಅದೂ ಟೊಮ್ಯಾಟೊ ಹಾಕಿದ್ದು.

ಶಾಂತಕುಮಾರ: ನೀವು ಬದನಿಕಾಯಿ ಅಂದ್ರಿ, ಅದು ತಂತು. ಮ್ಯಾಲೆ ಎಡಕ್ಕ ಬಾಣ ಐತಿ ನೋಡ್ರಿ. ಅದನ್ನ ಒತ್ತಿದ್ರ ಹಿಂದಕ್ಕ ಹೋಗತೈತಿ.

ನಾನು: ಎಷ್ಟು ಹಿಂದಕ್ಕ?

ಶಾಂತಕುಮಾರ: ಒಂದು ಪುಟ.

ನಾನು: ಅಷ್ಟ ಆದ್ರ ನನಗೇನು ಉಪಯೋಗ?

ತಾರಾ ಒಳಗೆ ನಲ್ಲಿ ಬಿಟ್ಟಳು. ಆಮೇಲೆ ಬಾಣವನ್ನು ನಾನೇ ಒತ್ತಿದೆ. ಬದನೆಕಾಯಿ ಹೋಯಿತು.

ಶಾಂತಕುಮಾರ: ಈಗ ಬರೇ ಹೆಸರು ಹೇಳ್ರಿ ವೈನಿ. ಪಲ್ಯ ಬ್ಯಾಡ.

ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.

ನಾನು: ಶಿವಶರಣಪ್ಪ.

ಪರದೆ ತುಂಬ ಗಂಡಸರು. ಒಬ್ಬ ಹಾರ ಹಾಕಿಕೊಂಡಿದ್ದ. ಒಬ್ಬ ಟ್ರ್ಯಾಕ್ಟರ್ ಮೇಲಿದ್ದ. ಒಬ್ಬ ಕೈಮುಗಿದು ಓಟು ಕೇಳುತ್ತಿದ್ದ.

ನಾನು: ಇವರೆಲ್ಲಾರೂ ಶಿವಶರಣಪ್ಪಗಳೇನು?

ಶಾಂತಕುಮಾರ: ಹೌದ್ರಿ. ಕೆಳಗ ಇನ್ನೂ ಅದಾರ.

ನಾನು: ಊರ ತುಂಬ ಇರೋ ಹೆಸರಿಗೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕುಂತೆ.

ತಾರಾ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು.

ತಾರಾ: ಟ್ರ್ಯಾಕ್ಟರ್ ಮ್ಯಾಲಿನವರು ಚಲೋ ಅದಾರ, ಅಕ್ಕಾ.

ನಾನು: ನೀ ಒಲಿ ನೋಡು ಹೋಗು.

ಶಾಂತಕುಮಾರ: ಇನ್ನೊಂದೆರಡು ಗುರುತು ಸೇರಸ್ರಿ. ಮೆಹದಿಪಟ್ಟಣಂ, ಕನ್ನಡ ಸಂಘ, ಎಲ್ಲಾ ಹೇಳ್ರಿ.

ಹೇಳಿದೆ. ಈ ಸಲ ಬಾಗಿಲು ನೋಡಲಿಲ್ಲ. ಸಂಘದ ಪುಟ ತೆರೆಯಿತು. ರಾಜ್ಯೋತ್ಸವದ ಗುಂಪು. ಹಿಂದಿನ ಸಾಲಿನಲ್ಲಿ ಅವರು. ಯಾರೋ ಏನೋ ಅಂದಿದ್ದಾರೆ, ಕತ್ತು ಹಿಂದೆ ಹಾಕಿ ನಗುತ್ತಿದ್ದಾರೆ. ಹಲ್ಲೆಲ್ಲ ಕಾಣುತ್ತಿದೆ.

ಮೂವರೂ ನೋಡಿದೆವು. ಮೈದುನ ಕನ್ನಡಕ ತೆಗೆದು ಅಂಗಿಗೆ ಒರೆಸಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಶಾಂತಕುಮಾರ: ನೋಡ್ರಿ ವೈನಿ. ಹೆಸರು ಹಿಡಿದು ಕರದ್ರಿ, ಅಣ್ಣ ಬಂದ.

ನಾನು: ಬಾಳೇವು ಪೂರ್ತಿ 'ಏನ್ರಿ, ಏನ್ರಿ' ಅಂತ ಕರದೆ. ಊಟಕ್ಕೂ ಎದ್ದು ಬರ್ತಿದ್ದಿಲ್ಲ. ಇಷ್ಟು ಸಲೀಸು ಬರ್ತಾರಂತ ಗೊತ್ತಿದ್ರ ಮೊದಲನೇ ದಿನದಿಂದ ಹೆಸರು ಹಿಡಿದೇ ಕರೀತಿದ್ದೆ.