ಪೆಟ್ಟಿಗೆ ಬಿಟ್ಟ ಮರಿಗಳು

ಮೊಲದ ಮರಿಗಳು ಕಣ್ಣು ಬಿಟ್ಟದ್ದೇ ಕ್ಷೌರಿಕನಿಗೆ ಮುಳುವಾಯಿತು. ಅಲ್ಲಿಯವರೆಗೆ, ತಾಯಿ ತನ್ನ ತುಪ್ಪಳ ಕಿತ್ತು ಹಾಸಿದ್ದ ಮರದ ಪೆಟ್ಟಿಗೆಯೇ ಅವುಗಳ ಪ್ರಪಂಚ. ಈಗ ಒಂದೊಂದೇ ಅಂಚಿಗೆ ಮುಂಗಾಲು ಕೊಟ್ಟು ಇಣುಕಿ, ದೊಪ್ಪನೆ ಹೊರಗೆ ಉರುಳುತ್ತಿದ್ದವು. ಅವನು ಹಿಂದಿನ ಕೋಣೆಗೆ ಓಡಿ ಮರಿಯನ್ನು ಪೆಟ್ಟಿಗೆಗೆ ಹಾಕಿ, ಮುಂದಿನ ಅಂಗಡಿಗೆ ಓಡಿಬಂದು ಗಿರಾಕಿಯ ತಲೆ ಹಿಡಿಯುತ್ತಿದ್ದ.

“ಹಿಂದಿನ ಕೋಣೇಲಿ ಏನಾದ್ರೂ ಸಾಕ್ಕೋ. ಅಂಗಡಿಯೊಳಗೆ ಒಂದು ಬಾಲ ಕಂಡ್ರೂ ಎಲ್ಲಾನೂ ಬೀದಿಗೆ ಹಾಕ್ತೀನಿ” ಎಂದಿದ್ದರು ಕಟ್ಟಡದ ಯಜಮಾನರು. ಆ ಯಜಮಾನರೇ ಈಗ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತಿದ್ದರು.

ಒಂದು ಕೆನ್ನೆ ಮುಗಿಯಿತು. ಬಿಸಿನೀರಿನ ನೆಪ ಹೇಳಿ ಒಳಗೆ ಹೋಗಿ ನೋಡಿದರೆ, ಒಂದು ಮರಿ ಕಡಿಮೆ!

ಹಿಂಬಾಗಿಲಲ್ಲಿ ಪಕ್ಕದಂಗಡಿಯ ಬೇಕರಿ ಅಕ್ಕನೂ ಬೀಗ ರಿಪೇರಿಯವನೂ ಆಗಲೇ ಹಾಜರು.

“ಮುಚ್ಚಳ ಹಾಕಿ ಬೀಗ ಜಡಿ ಅಂದೆ, ಕೇಳಿದ್ಯಾ?” ಎಂದ ಬೀಗದವನು.

“ನಿನ್ನ ಬೀಗಕ್ಕಿಷ್ಟು ಬೆಂಕಿ ಹಾಕ! ಉಸಿರು ಕಟ್ಟಲ್ವಾ? ಹೊರಗೆ ಬರೋ ವಯಸ್ಸು, ಬರ್ತವೆ. ನೆಲಕ್ಕೆ ಒಣಹುಲ್ಲು ಹಾಸಿ, ತಗ್ಗು ಬಟ್ಟಲಲ್ಲಿ ನೀರಿಟ್ರೆ ಸಾಕು” ಎಂದಳು ಅಕ್ಕ.

“ನೀರು ಆಮೇಲೆ ಅಕ್ಕಾ! ಮರಿ ಎಲ್ಲಿ?”

“ಮೆತ್ತಗೆ ಬೆಚ್ಚಗೆ ಎಲ್ಲಿದ್ಯೋ ಅಲ್ಲಿ. ನಿನ್ನ ಕೂದಲ ಗುಡ್ಡೆ ನೋಡ್ದ್ಯಾ?”

ಗುಡ್ಡೆ ಇದ್ದದ್ದು ಅಂಗಡಿಯಲ್ಲಿ, ಯಜಮಾನರು ಕೂತ ಕಡೆಯೇ! ಗುಡಿಸಿಟ್ಟ ಕೂದಲನ್ನು ತಾಯಿಯ ತುಪ್ಪಳವೆಂದುಕೊಂಡು ಮರಿ ಅದರೊಳಗೆ ನುಗ್ಗಿದ್ದರೆ? ಮೂವರೂ ಕಳ್ಳಹೆಜ್ಜೆಯಲ್ಲಿ ಅಂಗಡಿಗೆ ಬಂದು, ಮೊಣಕಾಲೂರಿ ಮೂಲೆಯ ಗುಡ್ಡೆ ಕೆದಕಿದರು. ಬೀಗದವನ ಮೂಗಿಗೆ ಕೂದಲು ಹೊಕ್ಕು, ಅವನು ಟೈರು ಒಡೆದಂತೆ ಸೀನಿದ.

ಯಜಮಾನರು ಕಣ್ಣು ತೆರೆದರು. “ಏನಯ್ಯಾ ಅದು?”

“ಕತ್ತರಿ ಬಿತ್ತು ಯಜಮಾನ್ರೇ.”

“ಮೂರು ಜನ ಹುಡುಕೋವಷ್ಟು ದೊಡ್ಡ ಕತ್ತರೀನಾ? ಇರ್ಲಿ, ಈ ಬಟ್ಟೆಯೊಳಗೆ ಬಿಸಿನೀರಿನ ಬಾಟ್ಲಿ ಯಾಕಿಟ್ಟೆ? ಮಡಿಲೆಲ್ಲ ಬೆಚ್ಚಗಿದೆ.”

ಹಿಂದಿನ ಕೋಣೆಯ ಬುಟ್ಟಿಯಿಂದ ಎತ್ತಿ ತಂದು ಯಜಮಾನರಿಗೆ ಹೊದಿಸಿದ ಬಟ್ಟೆಯನ್ನು ಈ ದಿನದ ಅವಸರದಲ್ಲಿ ಅವನು ಕೊಡವಿರಲೇ ಇಲ್ಲ!

ಯಜಮಾನರು ಬಟ್ಟೆ ಸರಿಸಿದರು. ಅವರ ಮೊಣಕೈ ಸಂದಿಗೆ ಮೂಗು ತೂರಿಸಿ ಮರಿ ನಿದ್ದೆಹೋಗಿತ್ತು.

“ಯಜಮಾನ್ರೇ, ಇದೊಂದ್ಸಲ...”

“ಶ್! ಮಲಗಿದೆ. ಕಿರುಚಬೇಡ.”

“ಹಾಗಾದ್ರೆ... ಇವು ಇಲ್ಲೇ ಇರಬಹುದಾ?”

“ಇನ್ನೆಲ್ಲಿಗೆ ಹೋಗ್ತವೆ, ಪಾಪ!”

ಕ್ಷೌರಿಕನಿಗೆ ಹೋದ ಜೀವ ಬಂತು. ಹುಮ್ಮಸ್ಸಿನಿಂದ ಕತ್ತಿ ಎತ್ತಿದ. “ಹಾಗಿದ್ರೆ ಇನ್ನೊಂದು ಕೆನ್ನೆ...”

“ಕೆಳಗಿಡು. ಅಲ್ಲಾಡಿದ್ರೆ ಎದ್ದುಬಿಡುತ್ತೆ.”

ಅಂಗಡಿಗೆ ಇದ್ದದ್ದು ಆ ಒಂದೇ ಕುರ್ಚಿ. ಬಂದ ಗಿರಾಕಿಗಳನ್ನೆಲ್ಲ ಯಜಮಾನರು ಬೆರಳ ಸನ್ನೆಯಲ್ಲೇ ವಾಪಸ್ಸು ಕಳಿಸಿದರು. ಕೊನೆಯವನಿಗೆ ಕ್ಷೌರಿಕ ಮೆಲ್ಲಗೆ, “ನಾಳೆ ಬಾ ತಮ್ಮಾ” ಎಂದ.

ಯಜಮಾನರು ಹಿಂದಿನ ಕೋಣೆಯತ್ತ ಗದ್ದದಿಂದಲೇ ಸನ್ನೆ ಮಾಡಿದರು. ಹೊಸ್ತಿಲ ಮೇಲೆ ಉಳಿದ ಮರಿಗಳೆಲ್ಲ ಕಿವಿ ನಿಮಿರಿಸಿ ನಿಂತಿದ್ದವು.

“ನಾಳೆ ಅಂತ ಯಾಕೆ ಹೇಳ್ತೀಯಾ? ಅವೂ ಬಂದ್ವು ನೋಡು. ಪಾಪ, ದಿನಕ್ಕೊಂದರಂತೆ ಮಲಗಿಸ್ತೀನಿ.”